ಒಂದು ಅಡುಗೆಯ ತಿದ್ದುಪಡಿ

ಅಕ್ಟೋಬರ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು. ಹಾಜರಿದ್ದವರು: ಕನ್ನಡದ ಹಿರಿಯರ ಬಳಗದ ಅಧ್ಯಕ್ಷರು, ಕಾರ್ಯದರ್ಶಿಯಾದ ನಾನು, ನಲವತ್ತರಷ್ಟು ಸದಸ್ಯರು, ಊರಿನ ಇಂಗ್ಲಿಷ್ ವಾರಪತ್ರಿಕೆಯ ವರದಿಗಾರ, ಮುಖ್ಯ ಅತಿಥಿಯಾಗಿ ನಮ್ಮ ಕೆಳಮನೆಯ ಸುಡಾನಿನ ಹೆಂಗಸು. ಗೈರುಹಾಜರಿ: ಆಕೆಯ ತಮ್ಮ. ಸಭೆ ಸೇರಿಸಿದ್ದು ಅವನ ಸಲುವಾಗಿಯೇ, ಆದರೆ ಕಾರ್ಯಕ್ರಮದ ಪಟ್ಟಿಯಲ್ಲಿ ಅವನಿಗೆ ಜಾಗವಿರಲಿಲ್ಲ.

ಆಕೆ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸಕ್ಕರೆ ಪರೀಕ್ಷೆಗೆಂದು ನಾನು ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ಬಾಗಿಲು ತೆರೆಯುವವಳು ಅವಳೇ. ಹೊತ್ತಿಗೆ ಸರಿಯಾಗಿ ಬರುವ ಇಬ್ಬರು ಸ್ನೇಹಿತರಾಗಲು ಅಷ್ಟು ಸಾಕಾಯಿತು. ಅವಳ ದೇಶದಲ್ಲಿ ಇಬ್ಬರು ಸೇನಾಧಿಪತಿಗಳ ಜಗಳ ಊರೂರಿನ ಯುದ್ಧವಾಗಿದೆ. ಅವಳ ತಮ್ಮ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದ. ಬೇಸಿಗೆಯಲ್ಲೊಂದು ದಿನ ಬಂದೂಕು ಹಿಡಿದವರು ಬಂದು ಅವನನ್ನು ಕೌಂಟರಿನಿಂದಲೇ ಎಬ್ಬಿಸಿಕೊಂಡು ಹೋದರು. ಆಮೇಲೆ ಸುದ್ದಿಯಿಲ್ಲ. ಇಂಥ ಪ್ರಕರಣಗಳಿಗೆ ಸಾಕ್ಷ್ಯ ಕೂಡಿಸುತ್ತಿರುವ ವಕೀಲರೊಬ್ಬರು ಅವಳಿಗೆ ಒಂದು ಸಲಹೆ ಕೊಟ್ಟಿದ್ದರು. ಅವನ ಹೆಸರು, ಆಸ್ಪತ್ರೆಯ ಹೆಸರು, ಕರೆದೊಯ್ದ ದಿನ, ಇಷ್ಟು ಯಾವುದಾದರೂ ಪತ್ರಿಕೆಯಲ್ಲಿ ಬರಲಿ. ಹೊರಗಿನವರಿಗೆ ಗೊತ್ತಾಗಿರುವ ಮನುಷ್ಯನನ್ನು ಇಲ್ಲವಾಗಿಸುವುದು ಅವರಿಗೆ ಸ್ವಲ್ಪ ಕಷ್ಟ. ಕೈರೋಗೆ ತಪ್ಪಿಸಿಕೊಂಡು ಹೋಗಿ ಉಳಿದಿರುವ ತಾಯಿಯೂ ಯೋಚಿಸಿ ಒಪ್ಪಿದ್ದಳು.

ದೊಡ್ಡ ಪತ್ರಿಕೆಗಳು ಉತ್ತರ ಬರೆಯಲಿಲ್ಲ. ಚಾನೆಲ್ಲೊಂದರವರು ವಿಡಿಯೊ ಇದೆಯೇ ಎಂದು ಕೇಳಿದರಂತೆ. ಆ ದಿನ ಬಂದೂಕಿನವರು ವಿಡಿಯೊದವನನ್ನು ಜೊತೆಗೆ ಕರೆತಂದಿರಲಿಲ್ಲ. ನಮ್ಮ ವಾರಪತ್ರಿಕೆಯ ವರದಿಗಾರ ಬಹಳ ಮರುಗಿದ. ಆದರೆ ಸ್ಯಾನ್ ರಮೋನಿನಲ್ಲಿ ಏನಾದರೂ ನಡೆದರೆ ಮಾತ್ರ ಬರೆಯಬಹುದು ಎಂದ. ಹಾಗಾದರೆ ನಡೆಸೋಣ ಎಂದುಕೊಂಡೆ. ನಮ್ಮ ಬಳಗದವರು ಒಂದು ದೀಪ ಹಚ್ಚಿದರೂ ಆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ.

ಅಧ್ಯಕ್ಷರು ಧಾರವಾಡದವರು, ನಿವೃತ್ತ ಇಂಜಿನಿಯರು, ಮೃದು ಮನಸ್ಸಿನವರು. ತಕರಾರೆಂದರೆ ಮಾತ್ರ ಭಯ.

"ಅಲ್ರೀ ಮೇಡಂ, ಯುದ್ಧ ಅಂದ್ರ ರಾಜಕೀಯ ಬಂತು. ನಮ್ಮ ಬಳಗದಾಗ ರಾಜಕೀಯ ಮಾತಾಡಂಗಿಲ್ಲ. ಆಕೀನ ಕರದ್ರ ಇನ್ನೊಂದು ಕಡಿಯವರನ್ನೂ ಕರೀಬೇಕಾಗ್ತದ."

"ಅವಳ ತಮ್ಮನ್ನ ಎತ್ಕೊಂಡು ಹೋದವರನ್ನಾ, ಸರ್?"

"ಹೂಂ ಮತ್ತ. ಎಲ್ಲಾರಿಗೂ ಊಟಾ ಇರ್ತದಲ್ಲ."

ಕೊನೆಗೆ ಅವರೇ ದಾರಿ ಕಂಡುಹಿಡಿದರು. ಅಡುಗೆಯ ಬಗ್ಗೆ ಮಾತಾಡಲಿ, ಅಡುಗೆಗೆ ಎರಡು ಕಡೆ ಇರುವುದಿಲ್ಲ. ನಾನು ಕೆಳಗಿಳಿದು ಹೋಗಿ ಆಕೆಗೆ ಹೇಳಿದೆ. ಆಗಲಿ, ಕಾಳು ನೆನೆಹಾಕುತ್ತೇನೆ ಎಂದಳು.

ನಾನು ರೇಡಿಯೊ ನಿಲಯದಲ್ಲಿ ಡ್ಯೂಟಿ ಆಫೀಸರಾಗಿ ನಿವೃತ್ತಳಾದವಳು. ಹೊತ್ತು ಮೀರಿದರೆ ಮಂತ್ರಿಗಳ ಭಾಷಣವನ್ನೂ ಅರ್ಧಕ್ಕೆ ನಿಲ್ಲಿಸುವುದೇ ನನಗೆ ಕಲಿಸಿದ್ದ ಕೆಲಸ. ಅಂದು ಆಕೆಗೆ ಅರ್ಧ ಗಂಟೆ ಬರೆದಿಟ್ಟಿದ್ದೆ. ಆದರೆ ಕನ್ನಡದವರ ಸಭೆಯನ್ನು ನಿಲ್ಲಿಸುವ ಬಟನ್ ಯಾವ ನಿಲಯದಲ್ಲೂ ಇಲ್ಲ. ಪ್ರಾರ್ಥನೆಯಾಯಿತು, ದೀಪವಾಯಿತು, ಸ್ವಾಗತ, ಪ್ರಾಸ್ತಾವಿಕ ನುಡಿ. ಅಧ್ಯಕ್ಷರು ಜಗತ್ತಿನ ಶಾಂತಿಯ ಬಗ್ಗೆ ನಾಲ್ಕು ಮಾತಾಡುತ್ತೇನೆಂದು ಎದ್ದರು. ಅದರ ಮೇಲೆ ಸನ್ಮಾನ. ಆಕೆಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ತಲೆವಸ್ತ್ರದ ಮೇಲೆಯೇ ಮೈಸೂರು ಪೇಟ ಕೂರಿಸಿದರು. ಪೇಟ ಜಾರದಂತೆ ಕತ್ತು ನೆಟ್ಟಗೆ ಹಿಡಿದು ಕೂತವಳ ಫೋಟೊವನ್ನು ವರದಿಗಾರ ಎರಡು ಕಡೆಯಿಂದ ತೆಗೆದ. ಇನ್ನೊಂದು ಕಡೆ ನಾಯಿಗಳ ವೇಷಭೂಷಣ ಸ್ಪರ್ಧೆ ಶುರುವಾಗುವುದರಲ್ಲಿದೆ, ಕ್ಷಮಿಸಿ ಎಂದು ಹೊರಟುಬಿಟ್ಟ. ನಾನು ಬಾಗಿಲವರೆಗೆ ಹೋಗಿ ತಡೆದೆ. ಇಷ್ಟು ಸಾಕು, ಬಹಳ ಚೆನ್ನಾಗಿ ಬಂದಿದೆ ಎಂದ.

ಆಕೆಯ ಕೈಗೆ ಮೈಕ್ ಸಿಗುವಾಗ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದಾಗಿತ್ತು. ಅರ್ಧ ಜನ ಅತ್ತ ತಿರುಗಿ ಕೂತಿದ್ದರು. ಆಕೆ ತಂದದ್ದು ಅವರ ಕಡೆಯ ದಪ್ಪ ಕಾಳಿನ ಗೊಜ್ಜು. ನಮ್ಮ ಅವರೆಕಾಳಿಗೆ ದೊಡ್ಡಪ್ಪನಾಗಬೇಕು, ಹಾಗಿತ್ತು. ಕಾಳನ್ನು ರಾತ್ರಿ ನೆನೆಸಬೇಕು, ಸಣ್ಣ ಉರಿಯಲ್ಲಿ ಬೇಯಿಸಬೇಕು, ಜೀರಿಗೆ ಹಾಕಬೇಕು ಎಂದಳು. ಮೇಲೆ ಎಳ್ಳೆಣ್ಣೆ ಸುರಿಯಬೇಕು, ಅದು ತನ್ನ ತಮ್ಮನ ಕ್ರಮ, ಇದು ಅವನ ಅಡುಗೆ ಎಂದಳು. ಅದೇ ಧ್ವನಿಯಲ್ಲಿ ಅವನ ಹೆಸರು ಹೇಳಿದಳು. ಆಸ್ಪತ್ರೆಯ ಹೆಸರು, ದಿನ, ಎಷ್ಟು ಜನ ಬಂದರು, ಯಾವ ಬಣ್ಣದ ಗಾಡಿ, ಎಲ್ಲವನ್ನೂ ಉಪ್ಪು ಹುಳಿ ಹೇಳಿದಂತೆ ಒಂದೊಂದಾಗಿ ಹೇಳಿ ಕೂತಳು.

ಮೊದಲ ಸಾಲಿನ ಒಬ್ಬರು ಕೈಯೆತ್ತಿ, ಜೀರಿಗೆ ಹುರಿದು ಹಾಕಬೇಕೋ ಹಸಿಯೋ ಎಂದು ಕೇಳಿದರು. ಹುರಿದು, ಎಂದಳು.

ಅಧ್ಯಕ್ಷರು ನನ್ನ ಕಡೆ ಬಾಗಿದರು. "ಮೇಡಂ, ಅಡುಗಿ ಅಷ್ಟಽ ಅಂದಿದ್ವಿ."

"ಅಡುಗೇನೇ ಸರ್. ಯಾರು ಮಾಡ್ತಿದ್ರು ಅನ್ನೋದೂ ಅದರಲ್ಲೇ ಬರುತ್ತೆ."

ಅಧ್ಯಕ್ಷರು ಊಟಕ್ಕೆ ಕೂತಾಗ ಆ ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡರು.

ಮೂರು ಗಂಟೆಯ ಹೊತ್ತಿಗೆ ಪತ್ರಿಕೆಯ ವೆಬ್‌ಸೈಟಿನಲ್ಲಿ ಸುದ್ದಿ ಬಂತು. ಆಫ್ರಿಕದ ರುಚಿ ಸವಿದ ಹಿರಿಯರು, ಎಂದು ತಲೆಬರಹ. ಪೇಟ ತೊಟ್ಟ ಫೋಟೊ. ಅತಿಥಿ ತಮ್ಮದೇ ವಿಶೇಷ ಅಡುಗೆಯನ್ನು ಉಣಬಡಿಸಿದರು, ಎಂದು ಕೆಳಗೆ. ತಮ್ಮ ಇಲ್ಲ, ಆಸ್ಪತ್ರೆ ಇಲ್ಲ, ಯುದ್ಧವೇ ಇಲ್ಲ. ಆಕೆ ನನ್ನ ಊಟದ ಮೇಜಿನ ಮುಂದೆ ಕೂತು ಅದನ್ನು ಓದಿದಳು, ಫೋನನ್ನು ಬೋರಲು ಹಾಕಿದಳು. ವಕೀಲರಿಗೆ ಏನು ಕಳಿಸಲಿ, ಈ ಟೋಪಿಯನ್ನೇ? ಎಂದಳು.

ನಾನು ಎರಡನೇ ಸಲ ಓದಿದೆ. ರೇಡಿಯೊದಲ್ಲಿ ನಾನು ಕಲಿತದ್ದು ಇದು: ಸುದ್ದಿಯಲ್ಲಿ ಏನು ಬಿಟ್ಟುಹೋದರೂ ಯಾರೂ ಕೇಳುವುದಿಲ್ಲ, ಹೇಳಿದ್ದರಲ್ಲಿ ತಪ್ಪಿದ್ದರೆ ಮಾತ್ರ ಮೆಮೊ ಬರುತ್ತದೆ. ಇಲ್ಲಿ ತಪ್ಪಿತ್ತು. ಅಡುಗೆ ಆಕೆಯದಲ್ಲ. ಆ ಪತ್ರಿಕೆಯಲ್ಲಿ ತಿದ್ದುಪಡಿಗೆಂದೇ ಒಂದು ಅಂಕಣವಿದೆ. ಹಿಂದಿನ ವಾರ ಗ್ರಂಥಾಲಯದ ಹೊಸ ಬೆಂಚಿನ ಬಣ್ಣವನ್ನು ಗಂಭೀರವಾಗಿ ಸರಿಪಡಿಸಿದ್ದರು.

ಸಂಪಾದಕಿಗೆ ಫೋನ್ ಮಾಡಿದೆ. ತಪ್ಪಾಗಿದೆ ಎಂದೊಡನೆ ಆಕೆಯ ದನಿ ಬದಲಾಯಿತು. ಹಾಗಾದರೆ ಅಡುಗೆ ಯಾರದ್ದು ಎಂದು ಕೇಳಿದಳು. ಹೆಸರು ಹೇಳಿದೆ. ಓದುಗರಿಗೆ ಅವರು ಯಾರೆಂದು ತಿಳಿಯಬೇಕಲ್ಲ ಎಂದಳು. ಅದನ್ನೂ ಹೇಳಿದೆ. ಕೀಬೋರ್ಡಿನ ಸದ್ದು ನಿಂತಿತು. ಹೀಗೆ ಹಾಕುವುದಾದರೆ, ಅವರನ್ನು ಕರೆದೊಯ್ದವರ ಪ್ರತಿಕ್ರಿಯೆಯೂ ಬೇಕಾಗುತ್ತದೆ ಎಂದಳು.

"ಅವರ ನಂಬರು ನಮ್ಮಲ್ಲಿಲ್ಲ," ಎಂದೆ. "ನಿಮಗೆ ಸಿಕ್ಕಿದರೆ ಅವನನ್ನೇ ಫೋನಿಗೆ ಕರೆಯಲು ಹೇಳಿ. ಅವನ ಅಕ್ಕ ಇಲ್ಲೇ ಕೂತಿದ್ದಾಳೆ."

ಸಂಪಾದಕಿಯ ಕೀಬೋರ್ಡು ಮತ್ತೆ ಸದ್ದು ಮಾಡಿತು. ಆಮೇಲೆ ಅವನ ಆಸ್ಪತ್ರೆಯ ಗುರುತಿನ ಚೀಟಿ ಇದೆಯೇ, ಆ ವಕೀಲರ ಜೊತೆ ಮಾತಾಡಬಹುದೇ ಎಂದು ಕೇಳಿದಳು. ಎರಡೂ ಇದ್ದವು. ಆ ಬೇಸಿಗೆಯಿಂದ ಈಚೆಗೆ ಪತ್ರಿಕೆಯವರೊಬ್ಬರು ತಮ್ಮನ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಫೋನನ್ನು ಅಕ್ಕನ ಕೈಗೆ ಕೊಟ್ಟೆ. ನಡುವೆ ನೀರು ಕುಡಿದು ಎಲ್ಲಕ್ಕೂ ಉತ್ತರಿಸಿದಳು.

ಆರು ಗಂಟೆಯ ಮೇಲೆ ತಿದ್ದುಪಡಿ ಬಂತು. ಶನಿವಾರದ ವರದಿಯಲ್ಲಿ ಅಡುಗೆ ಅತಿಥಿಯದೆಂದು ತಪ್ಪಾಗಿ ಹೇಳಲಾಗಿತ್ತು, ಅದು ಅವರ ತಮ್ಮನದು. ಮುಂದೆ ಅವನ ಪೂರ್ತಿ ಹೆಸರು, ಆಸ್ಪತ್ರೆ, ದಿನ. ಶಸ್ತ್ರಧಾರಿಗಳು ಕರೆದೊಯ್ದರು, ಕುಟುಂಬಕ್ಕೆ ಇಂದಿಗೂ ಸುದ್ದಿಯಿಲ್ಲ. ತಪ್ಪಿಗೆ ಪತ್ರಿಕೆ ವಿಷಾದಿಸುತ್ತದೆ. ಅದರ ಕೆಳಗೆ, ಬಹುಮಾನ ಗೆದ್ದ ನಾಯಿ ಜೇನುಹುಳದ ವೇಷದಲ್ಲಿತ್ತು, ಹುಲಿಯದ್ದಲ್ಲ ಎಂಬ ಇನ್ನೊಂದು ವಿಷಾದ.

ಇಡೀ ಯುದ್ಧದಲ್ಲಿ ಯಾರಾದರೂ ವಿಷಾದಿಸಿದ್ದನ್ನು ನಾನು ನೋಡಿದ್ದು ಅಷ್ಟೇ.

ಆಕೆ ಅದನ್ನು ತನ್ನ ಭಾಷೆಯಲ್ಲಿ ನಿಧಾನವಾಗಿ ಓದಿ, ಧ್ವನಿ ಮುದ್ರಿಸಿ ತಾಯಿಗೆ ಕಳಿಸಿದಳು.

"ಆಂಟಿ, ಅವನು ನೋಡಿದರೆ ಮೊದಲು ಜಗಳ ತೆಗೀತಾನೆ. ಎಳ್ಳೆಣ್ಣೆ ವಿಷಯ ಯಾಕೆ ಬಿಟ್ಟರು ಅಂತ."

"ತೆಗೀಲಿ. ಅವನೇ ಬಂದು ಹೇಳಿದರೆ ಇನ್ನೊಂದು ತಿದ್ದುಪಡಿ ಹಾಕಿಸೋಣ."

ವಕೀಲರು ಲಿಂಕ್ ಸಾಲದು, ವೆಬ್‌ಸೈಟಿನಿಂದ ಯಾವತ್ತು ಬೇಕಾದರೂ ಮಾಯವಾಗಬಹುದು, ದಿನಾಂಕ ಕಾಣುವಂತೆ ಕಾಗದದ ಪ್ರತಿ ಬೇಕು ಎಂದು ಬರೆದರು. ಮೊದಲ ಸಲ ಪ್ರಿಂಟ್ ತೆಗೆದಾಗ ದಿನಾಂಕ ಅಂಚಿನಲ್ಲಿ ಕತ್ತರಿಸಿಹೋಯಿತು. ಅಳತೆ ಸರಿಮಾಡಿ ಮತ್ತೆ ಎರಡು ಪ್ರತಿ ತೆಗೆದೆ, ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದೆ, ಲಕೋಟೆಗೆ ಹಾಕಿ ವಕೀಲರ ವಿಳಾಸ ಬರೆದು ಅಂಟಿಸಿದೆ.