ಹನ್ನೆರಡು ಇಟ್ಟಿಗೆ, ಏಳನೆಯ ಮಹಡಿ

ಹರ್ನಿಯಾ ಆಪರೇಷನ್ ಆಗಿ ನಾನು ಮುಂಬಯಿಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ವಾರಕ್ಕೂ ಹೆಚ್ಚು ಮಲಗಿದ್ದೆ. ಆ ವಾರ್ಡಿನಲ್ಲಿ ನನ್ನಷ್ಟು ಗಲಾಟೆ ಮಾಡಿದ ರೋಗಿ ಇನ್ನೊಬ್ಬನಿರಲಿಲ್ಲ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ನರ್ಸ್ ಕೇಳುವ ಮೊದಲೇ ಒಂಬತ್ತು ಎನ್ನುತ್ತಿದ್ದೆ. ಹತ್ತು ಎನ್ನಲು ನಾಚಿಕೆ. ಮೂವತ್ತರ ಆಸುಪಾಸಿನ ಆ ಮರಾಠಿ ಹೆಂಗಸು ನಗದೆ ಬರೆದುಕೊಂಡು, ಮಾತ್ರೆ ಕೊಟ್ಟು ಹೋಗುತ್ತಿದ್ದಳು. ನಗದೆ ಇದ್ದದ್ದೇ ಆಕೆಯ ದೊಡ್ಡತನ.

ಪಕ್ಕದ ಮಂಚದಲ್ಲಿ ವಿಜಯಪುರದ ಕಡೆಯವನೊಬ್ಬನಿದ್ದ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವನು, ಧಾರಾವಿಯ ಒಂದು ಖೋಲಿಯಲ್ಲಿ ವಾಸ. ನನಗಿಂತ ಒಂದು ದಿನ ಮೊದಲು ಅವನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಊರಿನಿಂದ ಹೊಸದಾಗಿ ಬಂದವನು, ಹಿಂದಿ, ಮರಾಠಿ ಎರಡೂ ಅಷ್ಟಕ್ಕಷ್ಟೆ. ಹಾಗಾಗಿ ನಾನೇ ದುಭಾಷಿ. ನರ್ಸ್ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಆರಾಮ ಅದೀನ್ರಿ." ಸಂಖ್ಯೆ ಹೇಳಲೇಬೇಕಯ್ಯಾ ಎಂದು ನಾನು ರೇಗಿದರೆ, ಒಂದು ಅಂತ ಹೇಳಿಬಿಡಿ ಎನ್ನುತ್ತಿದ್ದ. ನಾನು ಒಂದು ಎಂದು ಹೇಳಿ, ನಮ್ಮ ಕನ್ನಡದ ಜನ ಬಲು ಗಟ್ಟಿ ಎಂದು ನನ್ನದೂ ಒಂದು ಮಾತು ಸೇರಿಸುತ್ತಿದ್ದೆ. ಇದೇ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಬೆಳೆದು, ಫೋರ್ಟಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕೂದಲು ಬೆಳ್ಳಗಾದ ನನಗೆ ಅವನ ಗಟ್ಟಿತನದ ಮೇಲೆ ಎಲ್ಲಿಲ್ಲದ ಹೆಮ್ಮೆ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಒಂದು ಎಂದಾಗ ನರ್ಸ್ ಬರೆದುಕೊಳ್ಳಲಿಲ್ಲ. ಅವನ ಚಹಾ ಹಾಗೇ ಕೆನೆಗಟ್ಟಿತ್ತು. ಕೈ ಮಂಚದ ಅಂಚನ್ನು ಹಿಡಿದದ್ದು ಬಿಟ್ಟಿರಲಿಲ್ಲ. ಆಕೆ ಸ್ಟೂಲು ಎಳೆದು ಕೂತು, ಕೆಲಸದಲ್ಲಿ ಒಂದು ಸಲಕ್ಕೆ ಎಷ್ಟು ಇಟ್ಟಿಗೆ ಹೊರುತ್ತಾನೆ ಕೇಳಿ ಎಂದಳು. ಹನ್ನೆರಡು ಎಂದ, ಮುಖಕ್ಕೆ ತುಸು ಕಳೆ ಬಂತು. ಎಷ್ಟನೆಯ ಮಹಡಿಗೆ? ಏಳನೆಯದಾದರೂ ಸೈ. ಹಾಗಾದರೆ ಈಗ, ಈ ಹೊತ್ತಿನಲ್ಲಿ, ಎಷ್ಟು ಹೊರಬಲ್ಲ? ಕೆಲಸದ ವಿಷಯದಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ. ಚಹಾದ ಕಪ್ಪಿನ ಕಡೆ ನೋಡಿದ.

"ಇಟ್ಟಿಗಿ ಬಿಡ್ರಿ, ಈ ಚಾದ ಕಪ್ಪ ಎತ್ತಾಕೂ ಆಗವಲ್ದ್ರಿ."

ನಾನು ಮರಾಠಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಆಕೆ ಎದ್ದಾಗಿತ್ತು. ಹೊಟ್ಟೆ ಮುಟ್ಟಿ ನೋಡಿದಳು, ಹಲಗೆಯಂತೆ ಬಿಗಿದಿತ್ತು. ಡಾಕ್ಟರು ಓಡಿಬಂದರು, ಮಧ್ಯಾಹ್ನದೊಳಗೆ ಮತ್ತೆ ಆಪರೇಷನ್. ಒಳಗೆಲ್ಲ ಕೀವಂತೆ. ಇನ್ನೊಂದು ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲವಂತೆ.

ಮೂರು ದಿನ ಆ 'ಒಂದ'ನ್ನು ದಾಟಿಸಿದವನು ನಾನು, ಅದರ ಮೇಲೆ ನನ್ನ ಒಗ್ಗರಣೆ ಬೇರೆ. ನನ್ನ ಒಂಬತ್ತನ್ನೂ ಅವನ ಒಂದನ್ನೂ ಕೇಳಿಸಿಕೊಂಡು, ಇಬ್ಬರನ್ನೂ ಹೀಗಳೆಯದೆ, ದಿನವೂ ಅಷ್ಟೊಂದು ಮಂಚ ಸುತ್ತುವ ಆ ಹೆಂಗಸಿನ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ನನ್ನ ಮೇಲೆ ಇದ್ದದ್ದೂ ಕಮ್ಮಿಯಾಯಿತು.

ಎರಡು ದಿನದ ಮೇಲೆ ಅವನನ್ನು ವಾರ್ಡಿಗೆ ತಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆಕಿ ಇಷ್ಟ ಜೀವಾ ತೇದು ಮಾಡ್ತಾಳ್ರಿ ಅಣ್ಣಾರ. ಬ್ಯಾನಿ ಐತಿ ಅಂದ್ರ ಆಕಿ ಕೆಲಸ ಸರಿಯಿಲ್ಲಂತ ಹೆಸರಿಟ್ಟಂಗ ಆಗ್ತೈತ್ರಿ."

ಅದನ್ನೂ ಆಕೆಗೆ ಹೇಳಿದೆ. ಸಲೈನ್ ಸರಿಮಾಡುತ್ತಿದ್ದವಳು ಅವನ ಕಡೆ ತಿರುಗಿದಳು. ನೋವು ಕೇಳುವುದೇ ನನ್ನ ಕೆಲಸ, ಅವನು ಹೇಳದಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ ಎಂದು ತಿಳಿಸಿ ಎಂದಳು. ತಿಳಿಸಿದೆ.

ಸಂಜೆ ಆಕೆ ಬಂದು ನಿಂತಾಗ ಅವನೇ ಮೊದಲು ಬಾಯಿಬಿಟ್ಟ. "ಅಕ್ಕಾರ, ಭಾಳ ಬ್ಯಾನಿ ಆಗಾಕತ್ತೈತ್ರಿ. ಎಂಟು."

ನಾನು ಎಂಟು ಎಂದೆ. ನನ್ನದೊಂದು ಮಾತೂ ಸೇರಿಸಲಿಲ್ಲ.