ತಟ್ಟೆಯ ಮೇಲಿನ ಐದನೆಯ ಗಾಜು

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಜನರನ್ನು ನೆನಪಿಟ್ಟುಕೊಳ್ಳುವುದು ಅವರ ಕನ್ನಡಕದ ಪವರ್‌ನಿಂದ. ಬೀದಿಯಲ್ಲಿ ಯಾರಾದರೂ ಕೈ ಬೀಸಿದರೆ, “ಎಡಗಣ್ಣು ಮೈನಸ್ ಮೂರು, ಮೂಗು ಸ್ವಲ್ಪ ಸೊಟ್ಟ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಆಮೇಲೆ ನಗುನಗುತ್ತ ಅವರ ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಾರೆ. ಅವರ ಕನ್ನಡಕದಂಗಡಿ ಎರಡು ದೊಡ್ಡ ಮಳಿಗೆಗಳ ನಡುವೆ ತೆಳುವಾದ ಪುಸ್ತಕದಂತೆ ಸಿಕ್ಕಿಕೊಂಡಿದೆ. ಗಾಜಿನ ಅಂಚು ಉಜ್ಜುವ ಯಂತ್ರ ಅಲ್ಲಿ ದಿನವಿಡೀ ಗುಂಯ್‌ಗುಟ್ಟುತ್ತದೆ. ಬಿಸಿಲು ಇಳಿಯುತ್ತಲೇ ಅದಕ್ಕೆ ಬಟ್ಟೆ ಹೊದಿಸಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಭಾವ ಕಾಲೇಜಿನ ಕೋರ್ಟಿಗೆ ಹೊರಡುತ್ತಾರೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಅವರು ಸಂಬಳವಿಲ್ಲದ ಕೋಚ್. ಒಂದು ಕಾಲಕ್ಕೆ ತಾವೂ ಅಲ್ಲಿ ಆಡಿದವರು; ಯಾರತ್ತಲೂ ನೋಡದೆ ಚೆಂಡು ದಾಟಿಸುವುದಕ್ಕೆ ಹೆಸರಾಗಿದ್ದರಂತೆ. ಈ ಸುದ್ದಿಯ ಮೂಲ ಬಹುಮಟ್ಟಿಗೆ ಅವರೇ ಆದ್ದರಿಂದ ನಾನು ಅದಕ್ಕೆ ಅರ್ಧ ಅಂಕವನ್ನಷ್ಟೇ ಕೊಟ್ಟಿದ್ದೇನೆ.

ಸೀಸನ್ ಮುಗಿದ ಮೇಲೆ ಮುಂದಿನ ವರ್ಷದ ತಂಡದ ಚರ್ಚೆ ನಡೆಯುವುದು ಅಂಗಡಿಯಲ್ಲೇ. ಗಿರಾಕಿಗಳಿಗೆ ಫ್ರೇಮ್ ತೋರಿಸುವ ಕಪ್ಪು ಮಖಮಲ್ಲಿನ ತಟ್ಟೆ ಆಗ ಕೋರ್ಟಾಗುತ್ತದೆ. ಇನ್ನೂ ಕತ್ತರಿಸದ ದುಂಡು ಗಾಜುಗಳು ಆಟಗಾರ್ತಿಯರಾಗುತ್ತವೆ. ಯಾರಿಗೆ ಯಾವ ಗಾಜು ಎಂಬುದರಲ್ಲಿ ಭಾವ ಬಹಳ ಕಟ್ಟುನಿಟ್ಟು. ರಿಂಗಿನ ಬುಡದಲ್ಲಿ ಆಡುವವರಿಗೆ ಪ್ಲಸ್ ಗಾಜು, ಹಿಂದೆ ನಿಂತು ಆಟವನ್ನು ದೂರದಿಂದ ಅಳೆಯುವವರಿಗೆ ಮೈನಸ್. ಇದರಲ್ಲಿ ಎಳ್ಳಷ್ಟೂ ವಿಜ್ಞಾನವಿಲ್ಲ ಎಂದು ನಾನು ಹೇಳಿದ್ದುಂಟು. ಆದರೆ ಓರೆ ಬಿಸಿಲು ಬಾಗಿಲಿನಿಂದ ಒಳಬಂದು, ಕಪ್ಪು ತಟ್ಟೆಯ ಮೇಲೆ ಐದು ಪುಟ್ಟ ಕೊಳಗಳು ತೇಲುವಂತೆ ಕಂಡಾಗ ವಾದಿಸುವ ಮನಸ್ಸು ತಾನಾಗಿಯೇ ಕರಗುತ್ತದೆ.

ಆ ಸಲ ಚರ್ಚೆಗೆ ಕೂತವರು ಭಾವ, ಕಾಲೇಜಿನ ಪಿ.ಟಿ. ಮಾಸ್ತರು ಮತ್ತು ನಾನು. ಒಳಗಿನ ಸ್ಟೂಲಿನ ಮೇಲೆ ಭಾವನ ಮಗಳು ಫ್ರೇಮ್‌ಗಳನ್ನು ಒರೆಸುತ್ತಿದ್ದಳು. ಅವಳೂ ತಂಡದವಳೇ, ಹಿಂದೆ ನಿಂತು ಆಟ ನಡೆಸುವವಳು. ತಂಡದ ಎತ್ತರದ ಹುಡುಗಿ ‘ಏಣಿ’ ಪಾಸಾಗಿ ಹೋಗಿದ್ದಳು. ಅವಳ ಜಾಗಕ್ಕೆ ಅವಳ ತಂಗಿಯೇ ಬಂದಿದ್ದಳು. ಗಿರಗಿರನೆ ತಿರುಗುವ ‘ಬುಗುರಿ’, ಎದುರಾಳಿಗೆ ಅಂಟಿದರೆ ಬಿಡದ ‘ಜಿಗಣೆ’, ತಳ್ಳಿದರೂ ಅಲುಗದ ‘ಗೋಡೆ’, ಈ ಮೂವರೂ ಇದ್ದರು.

“ಬುಗುರಿಗೆ ಒಂದ್ಸಲ ಕೈ ಕುದುರಿದ್ರೆ ಮುಗೀತು, ಹಾಕಿದ್ದೆಲ್ಲ ರಿಂಗೊಳಗೇ,” ಎಂದರು ಪಿ.ಟಿ. ಮಾಸ್ತರು.

“ನಾಣ್ಯ ಚಿಮ್ಮಿದ್ರೂ ಒಂದೊಂದ್ಸಲ ಸಾಲಾಗಿ ಒಂದೇ ಮುಖ ಬೀಳುತ್ತೆ. ಅದಕ್ಕೂ ಕೈ ಕುದುರಿರುತ್ತಾ?” ಎಂದೆ.

“ಇದಕ್ಕೇ ನೋಡಿ ನಿಮ್ಮನ್ನ ಯಾರೂ ಮ್ಯಾಚಿಗೆ ಕರೆಯೋದಿಲ್ಲ,” ಎಂದು ಮಾಸ್ತರು ನಕ್ಕರು.

ಭಾವ ನಗಲಿಲ್ಲ. ತಟ್ಟೆಯ ಹಿಂಬದಿಯಲ್ಲಿದ್ದ ಸಾದಾ ಗಾಜನ್ನು ಬೆರಳಿನಿಂದ ಬದಿಗೆ ಸರಿಸಿದರು. ಅದು ಮಗಳ ಗಾಜು. ಅವಳ ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂಬ ಹೆಮ್ಮೆಯಿಂದ ಅವಳಿಗೆ ಪವರ್ ಇಲ್ಲದ ಗಾಜನ್ನೇ ಇಟ್ಟಿದ್ದರು. ಆ ಜಾಗದಲ್ಲಿ ಈಗ ಹೊಸದೊಂದು ಮೈನಸ್ ಗಾಜು ಕೂತಿತು.

“ಇಲ್ಲಿಗೆ ಹೊಸಬಳು ಬೇಕು. ದೂರ ನೋಡೋ ಹುಡುಗಿ.”

“ಮನೆ ಮಗಳನ್ನ ತೆಗೀತೀರಾ? ರಾತ್ರಿ ಊಟ ಹಾಕ್ತಾರಾ ನಿಮಗೆ?” ಪಿ.ಟಿ. ಮಾಸ್ತರು ಕೇಳಿದರು.

“ಮನೆ ಮಗಳು ಅಂತ ಇಟ್ಕೊಂಡ್ರೆ ಉಳಿದವರಿಗೆ ಅನ್ಯಾಯ. ಕೊನೇ ಮ್ಯಾಚಲ್ಲಿ ಆ ಉದ್ದ ಪಾಸು ಇವಳ ಕೈ ಪಕ್ಕದಲ್ಲೇ ಹೋಯ್ತು. ಹೋದ ಮೇಲೆ ಕೈ ಎತ್ತಿದಳು. ಜನ ಇದನ್ನ ಅಪ್ಪನ ಅಂಗಡಿ ಟೀಮು ಅಂತಿದ್ದಾರೆ.”

ಮಗಳು ಎದ್ದು ಬಂದಳು. “ಅಪ್ಪ, ಇದು ನನ್ನ ಕೊನೇ ವರ್ಷ.”

“ಗೊತ್ತು ಪುಟ್ಟಿ.”

“ಅದನ್ನ ಬೆಂಚ್ ಮೇಲೆ ಕೂತು ಮುಗಿಸ್ಬೇಕಾ?”

ಭಾವ ಅಂಗಿಯ ತುದಿಯಿಂದ ತಮ್ಮ ಕನ್ನಡಕ ಒರೆಸತೊಡಗಿದರು. ಅವಳು ತನ್ನ ಜಾಗ ಕಿತ್ತುಕೊಂಡ ಗಾಜನ್ನು ಎತ್ತಿಕೊಂಡಳು. “ಎಲ್ಲಿ, ನೋಡೋಣ ಈ ಮಹಾರಾಣೀನ” ಎನ್ನುತ್ತ ಒಂದು ಕಣ್ಣು ಮುಚ್ಚಿ, ಗಾಜನ್ನು ಇನ್ನೊಂದು ಕಣ್ಣಿಗೆ ಹಿಡಿದು ಬೀದಿಯತ್ತ ತಿರುಗಿದಳು. ಹಾಗೆಯೇ ನಿಂತುಬಿಟ್ಟಳು.

“ಎದುರುಗಡೆ ತಾರಸಿಯ ಹಗ್ಗದಲ್ಲಿ ಬಟ್ಟೆ ಕ್ಲಿಪ್ಪುಗಳಿವೆ,” ಎಂದಳು ಮೆಲ್ಲಗೆ. “ಹಳದಿ. ಒಂದು ಮುರಿದಿದೆ.”

“ಕ್ಲಿಪ್ಪಿಲ್ಲದೆ ಬಟ್ಟೆ ನಿಲ್ಲುತ್ತಾ?” ಎಂದು ಭಾವ ನಕ್ಕರು. ಮರುಗಳಿಗೆ ಆ ನಗು ಅರ್ಧಕ್ಕೇ ನಿಂತಿತು. “ಬೋರ್ಡು ಓದು,” ಎಂದರು.

ಗಾಜು ಕೆಳಗಿಟ್ಟು, ಗೋಡೆಯ ಅಕ್ಷರದ ಬೋರ್ಡನ್ನು ಅವಳು ನೀರು ಕುಡಿದಂತೆ ಓದಿದಳು. ಕಣ್ಣು ಕಿರಿದು ಮಾಡದೆ ಕಟ್ಟಕಡೆಯ ಸಾಲನ್ನೂ ಮುಗಿಸಿದಳು. ಪ್ರತಿವರ್ಷ ಹೀಗೆಯೇ ಓದಿದ್ದಳು. ಪಿ.ಟಿ. ಮಾಸ್ತರು ಭೇಷ್ ಎಂದರು. ಭಾವ ಮಾತ್ರ ಬೋರ್ಡಿನ ಕಡೆಗೂ ಅದರ ಕೆಳಗಿದ್ದ ಹಳೆಯ ಮರದ ಕುರ್ಚಿಯ ಕಡೆಗೂ ನೋಡುತ್ತಿದ್ದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರು ಅಕ್ಷರ ಕಲಿಸಿದ್ದು ಆ ಕುರ್ಚಿಯಲ್ಲಿ, ಆ ಬೋರ್ಡಿನಿಂದಲೇ.

“ಕೊನೇ ಸಾಲು ಹಿಂದಿನಿಂದ ಓದು ಪುಟ್ಟಿ.”

ಅವಳು ಒಂದು ಅಕ್ಷರ ಹೇಳಿ, ಮುಂದಿನದಕ್ಕೆ ಕಣ್ಣು ಕಿರಿದು ಮಾಡಿದಳು.

“ನಾನು ಮೋಸ ಮಾಡಿಲ್ಲಪ್ಪ. ನನಗೆ ಅವು ಕಾಣ್ತಾ ಇದ್ವು.”

ನಾನು ಆ ಮಾತನ್ನು ನಂಬಿದೆ. ನೋಟದಲ್ಲಿ ಕಣ್ಣಿನ ಪಾಲೆಷ್ಟು, ನೆನಪಿನ ಪಾಲೆಷ್ಟು ಎಂದು ಒಳಗಿನಿಂದ ಬೇರ್ಪಡಿಸುವುದು ಯಾರಿಗೂ ಸುಲಭವಲ್ಲ. ಬುಗುರಿಯ ಕುದುರಿದ ಕೈಯನ್ನು ಪಿ.ಟಿ. ಮಾಸ್ತರು ಕಾಣುತ್ತಿದ್ದುದೂ, ಮಗಳ ಸೊನ್ನೆ ಪವರ್ ಅನ್ನು ಭಾವ ಕಂಡದ್ದೂ ಹೀಗೆಯೇ ಇದ್ದೀತು.

“ರಿಂಗು ಹೇಗೆ ಕಾಣ್ತಿತ್ತು?” ಎಂದು ಕೇಳಿದೆ.

“ರಿಂಗಿನ ಥರಾನೇ, ಮಾಮ. ಸಂಜೆಯಾದ್ರೆ ಒಂದು ಕಿತ್ತಳೆ ಮೋಡ, ಅದರ ಕೆಳಗೆ ಬಿಳಿ ಹೊಗೆ. ಎಲ್ಲರೂ ಆ ಮೋಡಕ್ಕೇ ಗುರಿ ಇಡ್ತಾರೆ ಅಂದ್ಕೊಂಡಿದ್ದೆ.”

ಭಾವ ಪರೀಕ್ಷೆಯ ಗಾಜುಗಳ ಪೆಟ್ಟಿಗೆ ತೆಗೆದರು. ಅವಳ ಕಣ್ಣುಗಳನ್ನು ಸಾವಕಾಶವಾಗಿ, ಅಕ್ಷರಗಳನ್ನು ಬದಲಿಸಿ ಬದಲಿಸಿ ಪರೀಕ್ಷಿಸಿದರು. ತಟ್ಟೆಯ ಮೇಲಿದ್ದ ಗಾಜಿನ ಪವರ್ ಅವಳಿಗೆ ಹೊಂದಿತು. ಆ ಪವರ್ ಅರ್ಧ ಊರಿಗೆ ಹೊಂದುತ್ತದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರಾಯರಿನಿಂದ ಅದರ ಜೋಡಿಯನ್ನು ತೆಗೆದು, ಯಂತ್ರದ ಬಟ್ಟೆ ಸರಿಸಿ ಎರಡನ್ನೂ ಉಜ್ಜಿ, ತಲೆಯ ಹಿಂದೆ ಪಟ್ಟಿಯಿರುವ ಫ್ರೇಮಿಗೆ ಕೂರಿಸಿದರು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮೊದಲ ದಿನಗಳಲ್ಲಿ ಅವಳು ಹತ್ತಿರದ ಚೆಂಡನ್ನೂ ತಪ್ಪಿಸಿದಳು. ಬಲೆಯ ಗಂಟುಗಳು, ಹಲಗೆಯ ಬಿರುಕು, ಬೇಲಿಯಾಚೆ ನಿಂತವರ ಮುಖಗಳು, ಎಲ್ಲವೂ ಒಟ್ಟಿಗೆ ಅವಳ ಮೇಲೆ ಬಿದ್ದವು. ಕೆಲವೊಮ್ಮೆ ಕನ್ನಡಕ ತೆಗೆದು ತನ್ನ ಹಳೆಯ ಮೋಡದ ಕಡೆಗೇ ಎಸೆಯುತ್ತಿದ್ದಳು. ಆಗ ಅವಳ ಮುಖ ನಿದ್ದೆಯಲ್ಲಿ ನಗುವವರ ಮುಖದಂತಿರುತ್ತಿತ್ತು. ಚರ್ಚೆ ಮತ್ತೆ ಶುರುವಾಯಿತು. ಭಾವ ಕೈ ಎತ್ತಿಬಿಟ್ಟರು. “ಇವಳ ವಿಷಯದಲ್ಲಿ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆಯಿಲ್ಲ. ಅಭ್ಯಾಸ ಪಂದ್ಯ ನೋಡಿ ಮಾಸ್ತರೇ ಹೇಳಲಿ.”

ಆ ಪಂದ್ಯದ ಸಂಜೆ ಭಾವ ಬೇಲಿಯ ಹೊರಗೆ ನನ್ನ ಪಕ್ಕದಲ್ಲಿ ನಿಂತರು, ಸೀಟಿಯಿಲ್ಲದೆ. ಬೆಳಕು ಜೇನಿನಂತೆ ದಪ್ಪವಾಗುತ್ತಿತ್ತು. ಆಚೆ ತುದಿಯಿಂದ ಬುಗುರಿ ಚೆಂಡನ್ನು ಉದ್ದಕ್ಕೆ ಎಸೆದಳು. ಅದು ಬಹಳ ಹೊತ್ತು ಗಾಳಿಯಲ್ಲೇ ಇದ್ದಂತೆ ನನಗನ್ನಿಸಿತು. ಚೆಂಡು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮಗಳ ಕೈಗಳು ಮೇಲೆದ್ದಿದ್ದವು.

ಮರುದಿನ ಅಂಗಡಿಯಲ್ಲಿ ಪಿ.ಟಿ. ಮಾಸ್ತರು ತಟ್ಟೆ ನೋಡಿ ಹುಬ್ಬೇರಿಸಿದರು. “ಏನು ಕೋಚ್, ನಾಲ್ಕೇ ಗಾಜು? ನಾನು ಐದು ಜನರನ್ನ ಹೇಳಿದ್ದೆ.”

“ಐದನೆಯದು ಅವಳ ಮೂಗಿನ ಮೇಲಿದೆ,” ಎಂದರು ಭಾವ.

ಬದಿಗೆ ಸರಿಸಿದ್ದ ಸಾದಾ ಗಾಜು ಇನ್ನೂ ಅಲ್ಲೇ ಬಿದ್ದಿತ್ತು. ಅವರು ಅದನ್ನೆತ್ತಿ, ಅಂಗಿಯ ತುದಿಯಿಂದ ಒರೆಸಿ, ಬಾಗಿಲಿನ ಬೆಳಕಿಗೆ ಹಿಡಿದರು. ಎದುರಿನ ತಾರಸಿಯಲ್ಲಿ ಹಳದಿ ಕ್ಲಿಪ್ಪುಗಳು ಸಾಲಾಗಿ ಅಲುಗುತ್ತಿದ್ದವು.