ಎರಡೇ ಸೀಟಿನ ನೀಲಿ ಕಾರು

ಡ್ರೈವಿಂಗ್ ಸ್ಕೂಲ್ ಮೇಡಂ ಎಂದರೆ ಊರಿಗೆಲ್ಲ ಗೊತ್ತು. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಅವರೇ; ಉಳಿದರ್ಧ ಜನ ಅವರ ಬೈಗುಳಕ್ಕೆ ಹೆದರಿ ಬಸ್ಸಿನಲ್ಲೇ ಓಡಾಡಿಕೊಂಡಿದ್ದಾರೆ. ಅಂಥ ಮೇಡಂ ಐವತ್ತು ದಾಟಿದ ಮೇಲೆ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಎರಡೇ ಸೀಟು, ಗಾಢ ನೀಲಿ, ಕ್ಲಚ್ಚಿಲ್ಲದ ಗಾಡಿ. ಯಾರೋ ಸಾಹುಕಾರರು ಮೆರೆದು ಬಿಟ್ಟಿದ್ದು. ಜೀವಮಾನವಿಡೀ ಆಮೆ ನಡಿಗೆಯಲ್ಲಿ ಕಂಡವರ ಪಕ್ಕ ಕೂತು ಸವೆದ ಹೆಂಗಸಿಗೆ ಬೆಟ್ಟದ ರಸ್ತೆಯಲ್ಲಿ ತಾನೂ ಒಮ್ಮೆ ಹಾರಬೇಕೆಂಬ ಆಸೆ ಇರಬಾರದೇ? ಇತ್ತು, ಅದೂ ಬೆಟ್ಟದಷ್ಟೇ ಇತ್ತು.

ಅವರ ಗಂಡ ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವರು ಸದ್ದು ಕೇಳಿ ಹೊರಗೆ ಬಂದರು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಆನೆ ತಂದು ಕಟ್ಟಿದೀಯಲ್ಲ, ಮೇವು ಹಾಕೋರು ಯಾರು?"

"ನನ್ನ ದುಡಿಮೆ, ನನ್ನ ಆನೆ. ಗ್ಯಾರೇಜಿನವನು ನಟ್ಟು ನಟ್ಟೂ ಬಿಚ್ಚಿ ನೋಡಿದಾನೆ ರೀ. ಇಂಜಿನ್ ಬಂಡೆ ಥರ ಇದೆ."

"ಬಂಡೆ ಅಲ್ಲಾಡಲ್ಲ ಕಣೇ."

ಗಂಡನ ಬಾಯಲ್ಲಿ ಶನಿ ಕೂತಿತ್ತೋ ಏನೋ, ಹಾಗೇ ಆಯಿತು. ನೇರ ರಸ್ತೆಯಲ್ಲಿ ಕಾರು ಬಾಣ. ಬೆಟ್ಟ ಹತ್ತುವಾಗ ತಿರುವು ಬಂತೆಂದರೆ ಮಾತ್ರ ಉಸಿರು ಕಟ್ಟಿದಂತೆ ಕುಗ್ಗುತ್ತಿತ್ತು. ಆಕ್ಸಿಲರೇಟರ್ ತುಳಿದರೂ ಊಹೂಂ. ಗ್ಯಾರೇಜಿನವನು ಕಂಪ್ಯೂಟರ್ ಜೋಡಿಸಿ ನೋಡಿದ, ದೋಷವಿಲ್ಲ. ಅವನೇ ಓಡಿಸಿದರೆ ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸರಾಗ; ಮೇಡಂ ಕೂತರೆ ಮತ್ತೆ ಅದೇ ರಾಗ. ತಪ್ಪು ತನ್ನದಿರಬಹುದು ಎಂಬ ಯೋಚನೆ ಮೇಡಂ ಹತ್ತಿರ ಸುಳಿಯಲೂ ಇಲ್ಲ. ಊರಿಗೆಲ್ಲ ಕಲಿಸಿದವರಲ್ಲವೇ! ಈ ಕಾರು ತನಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟರು. ಬೇಡವೆನಿಸಿದರೆ ವಾರದೊಳಗೆ ವಾಪಸ್ ತನ್ನಿ ಎಂದು ಮಾರಿದವರು ಹೇಳಿದ್ದರು. ಅವರ ಅಂಗಡಿ ಬೆಟ್ಟದ ಆಚೆ ಬದಿಗಿತ್ತು.

ವಾರದ ಕೊನೆಯ ದಿನ ಮೇಡಂ ಮುಖ ಗಂಟಿಕ್ಕಿಕೊಂಡು ಹೊರಟರು. ಪಕ್ಕದಲ್ಲಿ ಟೈಲರ್, ಒಳಗೊಳಗೇ ಖುಷಿ. ಮೊದಲ ತಿರುವಿನಲ್ಲಿ ಕಾರು ಕುಗ್ಗಿತು. ಎರಡನೆಯದರಲ್ಲೂ ಕುಗ್ಗಿತು. ದಿನವಿಡೀ ಯಂತ್ರ ತುಳಿಯುವವರ ಕಣ್ಣು ಕಾಲಿನ ಕಡೆಗೇ ಹೋಗುತ್ತದೆ. ಟೈಲರ್ ಬಗ್ಗಿ ನೋಡಿದರು, ಇನ್ನೊಂದು ತಿರುವಿಗೆ ಕಾದು ಮತ್ತೆ ನೋಡಿದರು.

"ಲೇ, ನಿನ್ನ ಎಡಗಾಲು ಎಲ್ಲಿದೆ ನೋಡು."

ಎಡಗಾಲು ಬ್ರೇಕಿನ ಮೇಲಿತ್ತು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಿರುವಿಗೆ ಬಂದರೆ ಸಾಕು, ಮೇಡಂ ಎಡಗಾಲು ಕೇಳದೆಯೇ ಅದನ್ನು ಒತ್ತುತ್ತಿತ್ತು. ಇಲ್ಲೂ ಒತ್ತುತ್ತಿದೆ, ಅದೂ ಬಲಗಾಲು ಆಕ್ಸಿಲರೇಟರ್ ತುಳಿಯುವಾಗಲೇ. ಎರಡನ್ನೂ ಒಟ್ಟಿಗೆ ತುಳಿದರೆ ಅಪಾಯವೆಂದು ಕಾರು ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತಿತ್ತು. ಪಾಪದ ಕಾರು, ಹೇಳಿದ ಹಾಗೆ ಕೇಳಿದ್ದೇ ಅದರ ತಪ್ಪು!

ಮೇಡಂಗೆ ನಾಚಿಕೆಯಾಯಿತು, ಮರುಕ್ಷಣ ನಗು ಉಕ್ಕಿತು. ಎಡಗಾಲನ್ನು ಸೀಟಿನಡಿಗೆ ಮಡಿಸಿಕೊಂಡು ಬಲಗಾಲು ಊರಿದರು. ಇಂಜಿನ್ ಗುಡುಗಿತು. ಕಾರು ರಸ್ತೆಗೆ ಅಂಟಿಕೊಂಡಂತೆ ತಿರುವು ಸುತ್ತಿ ಮೇಲಕ್ಕೆ ಚಿಮ್ಮಿತು. ಬೆಟ್ಟದ ನೆತ್ತಿ ಮುಟ್ಟಿದಾಗ ಮೇಡಂ ಮುಖದಲ್ಲಿ ಹದಿನೆಂಟರ ಕಳೆ, ಟೈಲರ್ ಮುಖದಲ್ಲಿ ರಕ್ತವೇ ಇಲ್ಲ.

ಕಾರು ನಿಲ್ಲಿಸಿ ಮೇಡಂ ಕೇಳಿದರು, "ನೀವು ಬಾಯ್ಮುಚ್ಚಿಕೊಂಡು ಕೂತಿದ್ರೆ ಆನೆ ಇವತ್ತೇ ತೊಲಗ್ತಿತ್ತು. ಯಾಕ್ರೀ ಹೇಳಿದ್ರಿ?"

"ಕಾರು ಬೇಡ ಅಂದಿದ್ದು ನಿಜ ಕಣೇ. ಆದ್ರೆ ನೀನು ತಲೆ ತಗ್ಗಿಸಿಕೊಂಡು ಕೀ ವಾಪಸ್ ಕೊಡೋದನ್ನ ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ."

ಮೇಡಂಗೆ ಈ ಮನುಷ್ಯನ ಮೇಲೆ ಇಷ್ಟೊಂದು ಪ್ರೀತಿ ಉಕ್ಕಿ ಎಷ್ಟು ಕಾಲವಾಗಿತ್ತೋ. ಕಾರನ್ನು ಬಂದ ದಾರಿಗೇ ತಿರುಗಿಸಿದರು.

"ಕೆಳಗಿಳಿದು ಇನ್ನೊಂದ್ಸಲ ಹತ್ತೋಣ ರೀ. ಈಗಿಂದು ನನಗಾಯ್ತು, ಮುಂದಿಂದು ನಿಮಗೆ."

ಟೈಲರ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

"ಹಾಗಾದ್ರೆ ಜೋರಾಗೇ ಹೋಗು."